ನಮ್ಮೂರಿನಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ

ಚಿಕ್ಕಮಗಳೂರು ಸುತ್ತಮುತ್ತಲಿನ ಸರ್ಕಾರಿ ಶಾಲೆಗಳಿಗೆ ಹೋಗಿಬರುವ ಸಂಚಾರಿ ವಿಜ್ಞಾನ ಪ್ರಯೋಗಾಲಯವೊಂದರಲ್ಲಿ ಬಿಡುವಿದ್ದಾಗಲೆಲ್ಲ ಸ್ವಯಂಸೇವಕನಾಗಿ ಕೆಲಸ ಮಾಡುತ್ತೇನೆ. ಪ್ರಯೋಗಾಲಯವೆಂದರೆ ಒಂದು ವ್ಯಾನು. ಅದರೊಳಗೆ ಬೀಕರು, ಮಸೂರ, ಆಯಸ್ಕಾಂತ, ಸ್ಪಿರಿಟ್ ದೀಪ, ಹೃದಯ ಮತ್ತು ಶ್ವಾಸಕೋಶಗಳ ಮಾದರಿಗಳು. ವ್ಯಾನು ಶಾಲೆಯ ಅಂಗಳಕ್ಕೆ ತಿರುಗಿದ ಕೂಡಲೇ ಮಕ್ಕಳು ಮುತ್ತಿಕೊಳ್ಳುತ್ತಾರೆ. ಆ ಉತ್ಸಾಹ ಕಂಡಾಗ ಹೊಗೆ ಏಳುವ, ಕಿಡಿ ಹಾರುವ ಪ್ರಯೋಗಗಳನ್ನೇ ಒಂದರ ಹಿಂದೊಂದು ತೋರಿಸಿಬಿಡೋಣ ಎನ್ನಿಸುವುದು ಸಹಜ. ಚಪ್ಪಾಳೆಯೇನೋ ಬೀಳುತ್ತದೆ, ಆದರೆ ಊರಿಗೆ ಜಾದೂಗಾರ ಬಂದರೂ ಅಷ್ಟೇ ಚಪ್ಪಾಳೆ ಬೀಳುತ್ತದೆ. ಅಷ್ಟು ದೂರ ಸಾಮಾನು ಹೊತ್ತು ಹೋಗುವುದಾದರೆ ಆ ಊರಿನದೇ ನೀರನ್ನು, ಮಣ್ಣನ್ನು ಮಕ್ಕಳ ಕೈಯಲ್ಲೇ ಅಳೆಸಬೇಕು ಎಂಬುದು ನನ್ನ ಹಟ.

ಅಂಥದ್ದರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ನೀರು ಕಾಯಿಸುವ ಪ್ರಯೋಗ. ಶಾಲೆಯ ನಲ್ಲಿಯಿಂದ ಹಿಡಿದ ನೀರನ್ನು ಬೀಕರಿನಲ್ಲಿಟ್ಟು, ಕೆಂಪು ದ್ರವದ ಥರ್ಮಾಮೀಟರನ್ನು ತಳಕ್ಕೆ ತಾಗದಂತೆ ಇಳಿಬಿಟ್ಟು, ನಿಮಿಷಕ್ಕೊಮ್ಮೆ ಅಂಕಿ ಓದಿ ಬರೆದುಕೊಳ್ಳುವ ಕೆಲಸವನ್ನು ಮಕ್ಕಳಿಗೇ ಬಿಡುತ್ತೇವೆ. ಮೊದಲು ಏಳುವ ಸಣ್ಣ ಗುಳ್ಳೆಗಳನ್ನು ಕಂಡು ಕುದಿಯಿತೆಂದು ಕೂಗುವವರು ಇದ್ದೇ ಇರುತ್ತಾರೆ. ಅದು ನೀರಿನಲ್ಲಿ ಕರಗಿದ್ದ ಗಾಳಿ ಹೊರಬರುವ ಪರಿ. ಕೊನೆಗೆ ನೀರು ಕೊತಕೊತ ಕುದಿಯತೊಡಗಿದಾಗ ಕೆಂಪು ಗೆರೆ 96 ದಾಟಿ, 97ನ್ನು ಮುಟ್ಟದೆ ನಿಂತುಬಿಡುತ್ತದೆ. ಎಷ್ಟು ಹೊತ್ತು ಉರಿಸಿದರೂ ಅದು ಮೇಲೇರುವುದಿಲ್ಲ. "ಸಾರ್, ನಿಮ್ ಥರ್ಮಾಮೀಟ್ರು ಕೆಟ್ಟೋಗಿದೆ" ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ತೀರ್ಪು ಕೊಟ್ಟಳು, ಏಕೆಂದರೆ ಪಠ್ಯಪುಸ್ತಕದಲ್ಲಿ 100 ಎಂದಿತ್ತು. ಅನುಮಾನ ನ್ಯಾಯವಾದದ್ದೇ. ಫ್ಲಾಸ್ಕಿನಲ್ಲಿ ಒಯ್ದಿದ್ದ ಕರಗುವ ಮಂಜುಗಡ್ಡೆಗೆ ಅದನ್ನು ಅದ್ದಿದೆವು, ಸೊನ್ನೆಯನ್ನು ಸರಿಯಾಗಿಯೇ ತೋರಿಸಿತು. ಇನ್ನೊಂದು ಥರ್ಮಾಮೀಟರನ್ನು ಕುದಿಯುವ ನೀರಿಗೆ ಇಳಿಸಿದೆವು, ಅದೂ ಅಲ್ಲಿಗೇ ನಿಂತಿತು. ಇಷ್ಟಾದ ಮೇಲೆ ವಾತಾವರಣದ ಒತ್ತಡದ ಪಾಠ ತಾನಾಗಿ ಬಂತು.

ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ನಮ್ಮನ್ನು ಒತ್ತುವ ಗಾಳಿಯ ಭಾರ ಇಳಿಯುವುದರಿಂದ ನೀರು ಆವಿಯಾಗಿ ಹೊರಬೀಳಲು ಅಷ್ಟು ಕಾವು ಬೇಕಾಗುವುದಿಲ್ಲ. ಸ್ಥೂಲವಾಗಿ 300 ಮೀಟರಿಗೆ ಒಂದು ಡಿಗ್ರಿ ಕಡಿಮೆ. ಈ ಲೆಕ್ಕ ಕೈಗೆ ಸಿಕ್ಕಿದ ಮೇಲೆ, ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ನೀರು ಎಷ್ಟಕ್ಕೆ ಕುದಿಯಬೇಕೆಂಬುದನ್ನು ಮಕ್ಕಳೇ ಕೂಡಿಸಿ ಕಳೆದು 93ಕ್ಕೂ 94ಕ್ಕೂ ನಡುವೆ ಎಂದು ಹೇಳಿದರು. ಅಲ್ಲಿ ಬೇಳೆ ಬೇಯುವುದು ತಡವಾಗುತ್ತದೆಯೇ ಎಂದು ಕೇಳಿದವನಿಗೆ, ಕುಕ್ಕರ್ ಆವಿಯನ್ನು ಹಿಡಿದಿಟ್ಟು ಒತ್ತಡ ಹೆಚ್ಚಿಸುವುದನ್ನು ವಿವರಿಸಿದ್ದು ಅವನ ಪಕ್ಕದಲ್ಲಿ ಕುಳಿತಿದ್ದ ಹುಡುಗ, ನಾವಲ್ಲ.

ಮಣ್ಣಿನ ಪ್ರಯೋಗಕ್ಕೆ ಮಕ್ಕಳು ಮನೆಯ ಹಿತ್ತಿಲಿನಿಂದ, ತೋಟದಿಂದ ಒಂದೊಂದು ಹಿಡಿ ಮಣ್ಣು ತರುತ್ತಾರೆ. ಅದನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕಲಕಿ, ತಿಳಿಯಾಗಲು ಬಿಟ್ಟು, ಹುಳಿ-ಕ್ಷಾರಕ್ಕೆ ತಕ್ಕಂತೆ ಬಣ್ಣ ಬದಲಿಸುವ ಪಿಎಚ್ ಕಾಗದ ಅದ್ದಿ ಬಣ್ಣ ಹೋಲಿಸಬೇಕು. ಕಾಫಿ ತೋಟದ ಮಣ್ಣು ಬಹುಮಟ್ಟಿಗೆ ಆಮ್ಲೀಯ ಎಂದು ತೋರುತ್ತದೆ. ತೋಟಕ್ಕೆ ಸುಣ್ಣ ಹಾಕುವುದನ್ನು ಕಂಡು ಬೆಳೆದ ಮಕ್ಕಳು ಇವರು, ಆದರೆ ಮಲೆನಾಡಿನ ಜಡಿಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದೊಯ್ಯುತ್ತದೆ, ಸುಣ್ಣ ಹುಳಿಯನ್ನು ತಗ್ಗಿಸುತ್ತದೆ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ. 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿರುವ ಬಾಳೆಹೊನ್ನೂರು ಇದೇ ಜಿಲ್ಲೆಯಲ್ಲಿದೆ ಎಂಬುದೂ ಹಲವರಿಗೆ ಹೊಸ ಸುದ್ದಿ.

ಶಿಕ್ಷಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಇವೆಲ್ಲ ಸರಿ ಸರ್, ಪರೀಕ್ಷೆಯಲ್ಲಿ 96 ಅಂತ ಬರೆದರೆ ಅಂಕ ಹೋಗುತ್ತಲ್ಲ?" ಎಂದು ಕೇಳಿದರು. ಕಾಳಜಿ ಸುಳ್ಳಲ್ಲ. ಉತ್ತರದಲ್ಲಿ 100ರ ಮುಂದೆ "ಸಮುದ್ರಮಟ್ಟದಲ್ಲಿ" ಎಂಬ ಪದವೊಂದನ್ನು ಸೇರಿಸಿ ಬರೆಯುವಂತೆ ಹೇಳಿಕೊಡೋಣ ಎಂದೆ. ಅವರು ಒಪ್ಪಿ, ಆಗಲೇ ಕಪ್ಪುಹಲಗೆಯ ಮೇಲೆ ಹಾಗೆಯೇ ಬರೆಸಿದರು. ಮಳೆ ಕಡಿಮೆಯಿರುವ ಕಡೂರಿನ ಕಡೆಯ ಮಣ್ಣು ತರಿಸಿಕೊಂಡು ತಮ್ಮ ಮಕ್ಕಳು ತಂದ ಮಣ್ಣಿನ ಜೊತೆ ಹೋಲಿಸಬೇಕೆಂದು ಈಗ ಅವರೇ ಪಿಎಚ್ ಕಾಗದದ ಪುಸ್ತಕವೊಂದನ್ನು ಕೇಳಿ ಇಟ್ಟುಕೊಂಡಿದ್ದಾರೆ.