ವೇಸ್ಟೇಜ್ ಸೊನ್ನೆ

ಹೋದ ವಾರ ಸ್ಟೋರ್ ರೂಮ್ ಖಾಲಿ ಮಾಡುವಾಗ 2020ರ ಕೋವಿಡ್ ಕಿಟ್ ರಿಜಿಸ್ಟರ್ ಕೈಗೆ ಸಿಕ್ಕಿತು. ರದ್ದಿ ರಾಶಿಗೆ ಎಸೆಯುವ ಮುಂಚೆ ಸುಮ್ಮನೆ ಆಗಸ್ಟ್ ತಿಂಗಳ ಒಂದು ದಿನದ ಪುಟ ತೆಗೆದೆ. ಬಂದದ್ದು 100, ಬಳಸಿದ್ದು 100, ವೇಸ್ಟೇಜ್ 0. ಆ ಸೊನ್ನೆಯ ಮೇಲೆ ಎರಡೆರಡು ಸಲ ಪೆನ್ನು ತಿರುಗಿಸಿ ದುಂಡಗೆ ಬರೆದಿದ್ದೇನೆ. ಅಷ್ಟು ಹೆಮ್ಮೆ ಇತ್ತು ಆವತ್ತು.

ನಾನು ಲ್ಯಾಬ್ ಟೆಕ್ನಿಷಿಯನ್. ನಿಂತಲ್ಲೇ ಫಲಿತಾಂಶ ಕೊಡುವ ಆ್ಯಂಟಿಜೆನ್ ಕಿಟ್ ಬರುವವರೆಗೆ ನಮ್ಮದು ಒಂಥರಾ ನಿಶ್ಚಿಂತೆಯ ಕೆಲಸ. ಗಂಟಲು ದ್ರವ ತೆಗೆ, ವಿಟಿಎಂಗೆ (ಸ್ಯಾಂಪಲ್ ಕೆಡದಂತೆ ಇಡುವ ದ್ರವದ ಟ್ಯೂಬ್) ಹಾಕು, ಐಸ್ ಪ್ಯಾಕ್ ಇಟ್ಟು ಜಿಲ್ಲಾ ಲ್ಯಾಬ್‌ಗೆ ಕಳಿಸು. ರಿಪೋರ್ಟ್ ತಡವಾದರೆ ಬೈಗುಳ ಅವರಿಗೆ. 2020ರ ಜೂನ್ 14ರಂದು ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಆ ಕಿಟ್‌ಗೆ ಒಪ್ಪಿಗೆ ಕೊಟ್ಟಿತು, ಸ್ವಲ್ಪ ದಿನದಲ್ಲಿ ಡಬ್ಬಗಳು ನಮ್ಮ ತಾಲ್ಲೂಕಿಗೂ ಬಂದವು. ಅಲ್ಲಿಂದ ಮುಂದೆ ‘ನಿಮಗೆ ಬಂದಿದೆ’ ಅಂತ ಎದುರಿಗೆ ನಿಂತು ಹೇಳುವ ಬಾಯಿ ನನ್ನದಾಯಿತು.

ಆವತ್ತು ಕ್ಯಾಂಪ್ ಇದ್ದದ್ದು ಶಾಲೆಯ ಜಗಲಿಯಲ್ಲಿ. ಟಾರ್ಗೆಟ್ ನೂರು. ನಾನು, ಸ್ವಾಬ್ ತೆಗೆಯಲು ಒಬ್ಬ ಸಿಸ್ಟರ್, ಮೊಬೈಲ್ ಹಿಡಿದು ಎಂಟ್ರಿ ಮಾಡುವ ಹುಡುಗ, ಸಾಲು ನಿಲ್ಲಿಸಲು ಆಶಾ ಅಕ್ಕ. ಎಸ್‌ಆರ್‌ಎಫ್ ಐಡಿ (ಪ್ರತಿ ಸ್ಯಾಂಪಲ್‌ಗೆ ಕೊಡುವ ನಂಬರ್) ಆಗಬೇಕಾದರೆ ಒಟಿಪಿ ಬರಬೇಕು, ಒಟಿಪಿ ಬರಬೇಕಾದರೆ ಸಿಗ್ನಲ್ ಬೇಕು, ಸಿಗ್ನಲ್ ಬೇಕಾದರೆ ಹುಡುಗ ಧ್ವಜಸ್ತಂಭದ ಹತ್ತಿರ ಹೋಗಿ ನಿಲ್ಲಬೇಕು. ಕೆಲವರು ಕೊಟ್ಟದ್ದು ಮಗನ ನಂಬರ್, ಮಗ ಇದ್ದದ್ದು ಇನ್ನೆಲ್ಲೋ. ಇದರ ನಡುವೆ ಆಫೀಸಿನಿಂದ ಫೋನು: ಮೂರೂವರೆಗೆ ವಿಡಿಯೊ ಕಾನ್ಫರೆನ್ಸ್ ಇದೆ, ಅಷ್ಟರೊಳಗೆ ಫಿಗರ್ ಕೊಡಿ. ಎಷ್ಟು ಜನಕ್ಕೆ ಜ್ವರ ಇದೆ ಅಂತ ಆ ಫೋನಿನಲ್ಲಿ ಯಾವತ್ತೂ ಯಾರೂ ಕೇಳಲಿಲ್ಲ. ಫಿಗರ್ ಎಷ್ಟು, ಅಷ್ಟೇ.

ನೂರು ಮುಗಿಸುವ ಅವಸರದಲ್ಲಿ ನಾನು ಹನ್ನೆರಡು ಕ್ಯಾಸೆಟ್, ಅಂದರೆ ಫಲಿತಾಂಶದ ಗೆರೆ ಮೂಡುವ ಪಟ್ಟಿ, ಒಂದೇ ಸಲ ಬೆಂಚಿನ ಮೇಲೆ ಸಾಲಾಗಿ ಇಟ್ಟೆ. ಪ್ರತಿಯೊಂದಕ್ಕೂ ಸ್ವಾಬ್ ಅದ್ದಿದ ಬಫರ್ ದ್ರವದ ಮೂರು ಹನಿ. ಮೇಲೆ ಮಾರ್ಕರ್‌ನಲ್ಲಿ ಬರೀ ನಂಬರ್. ಟೈಮ್ ಬರೆಯಲಿಲ್ಲ. ಫೋನಿನಲ್ಲಿ ಟೈಮರ್ ಇಟ್ಟಿದ್ದೇನಲ್ಲ, ಬರೆಯೋದು ಯಾಕೆ?

ಟೈಮರ್ ಹೊಡೆಯಿತು. ಫೋನ್ ಇದ್ದದ್ದು ಪ್ಲಾಸ್ಟಿಕ್ ಕವರ್‌ನಲ್ಲಿ, ಕೈಯಲ್ಲಿ ಎರಡು ಜೊತೆ ಗ್ಲೌಸು, ಒಳಗೆಲ್ಲ ಬೆವರು. ಎರಡು ಸಲ ಒತ್ತಿದೆ, ಸುಮ್ಮನಾಯಿತು. ಅದೇ ಹೊತ್ತಿಗೆ ಒಬ್ಬರು ‘ನಂದು ನಿನ್ನೆನೇ ಮಾಡಿದ್ದಾರೆ, ಮತ್ತೆ ಯಾಕೆ’ ಅಂತ ಜಗಳ ತೆಗೆದರು. ಆ ಜಗಳ ಮುಗಿಯಿತು, ಆಫೀಸಿನ ಫೋನ್ ಬಂತು. ಫೋನ್ ಮುಗಿಯಿತು, ಬಫರ್ ಟ್ಯೂಬಿನ ಪ್ಯಾಕೆಟ್ ಹುಡುಕಲು ಡಬ್ಬದೊಳಗೆ ತಲೆ ಹಾಕಿದೆ. ಆಮೇಲೆ ಬೆಂಚಿಗೆ ಬಂದೆ.

ಹನ್ನೊಂದರಲ್ಲಿ ಬರೀ ಸಿ ಗೆರೆ, ಅಂದರೆ ನೆಗೆಟಿವ್. ಏಳನೆಯದರಲ್ಲಿ ಟಿ ಹತ್ತಿರ, ಪಾಸಿಟಿವ್ ಗೆರೆ ಮೂಡುವಲ್ಲಿ, ಏನೋ ಇತ್ತು. ಗೆರೆ ಅನ್ನುವುದಕ್ಕಿಂತ ಗೆರೆಯ ನೆರಳು. ಮಬ್ಬಾಗಿದ್ದ ಫೇಸ್ ಶೀಲ್ಡ್ ಎತ್ತಿ ನೋಡಿದೆ, ಇತ್ತು. ಬೆಳಕಿಗೆ ಓರೆ ಹಿಡಿದೆ, ಇಲ್ಲ ಅನ್ನಿಸಿತು. ಮತ್ತೆ ನೆಟ್ಟಗೆ ಹಿಡಿದೆ, ಇತ್ತು. ಸಿಸ್ಟರ್‌ಗೆ ತೋರಿಸಿದೆ. ‘ಇದೆ ಅನ್ಸತ್ತೆ ಸರ್’ ಅಂದರು. ಅವರ ಕನ್ನಡಕದ ತುಂಬಾ ಹಬೆ.

ಕಿಟ್ ಜೊತೆ ಬಂದ ಹಾಳೆಯನ್ನು ಮೊದಲ ದಿನ ನಾನೇ ಓದಿ ಎಲ್ಲರಿಗೂ ಹೇಳಿದ್ದೆ. ಹದಿನೈದು ನಿಮಿಷಕ್ಕೆ ಓದಬೇಕು, ಮೂವತ್ತು ದಾಟಿದರೆ ಓದಲೇಬಾರದು, ಸುಳ್ಳು ಗೆರೆ ಮೂಡಬಹುದು. ಏಳನೆಯದಕ್ಕೆ ಹನಿ ಹಾಕಿ ಎಷ್ಟು ಹೊತ್ತಾಗಿತ್ತು? ಇಪ್ಪತ್ತೈದು ಅಂತ ನನಗೆ ನಾನೇ ಹೇಳಿಕೊಂಡೆ. ಇಪ್ಪತ್ತೆಂಟೂ ಇರಬಹುದು. ನಲವತ್ತು ಅಂತ ಒಳಗೆ ಗೊತ್ತಿತ್ತು.

ಮಾಡಬೇಕಾದದ್ದು ಇಷ್ಟೇ: ಆ ಕ್ಯಾಸೆಟ್ ಬಿಸಾಕಿ, ಇನ್ನೊಂದು ಸ್ವಾಬ್ ತೆಗೆದು, ಇನ್ನೊಂದು ಕಿಟ್ ಬಿಚ್ಚುವುದು. ಆದರೆ ಹಿಂದಿನ ವಾರವಷ್ಟೇ ಒಂದು ಕಿಟ್ ಲೆಕ್ಕ ತಪ್ಪಿತು ಅಂತ ಮೀಟಿಂಗ್‌ನಲ್ಲಿ ಎಲ್ಲರೆದುರು ನಿಲ್ಲಿಸಿ ಕೇಳಿದ್ದರು. ಸಾಲಿನಲ್ಲಿ ಇನ್ನೂ ನಲವತ್ತು ಜನ. ‘ಪಾಸಿಟಿವ್ ಹಾಕು’ ಅಂತ ಹುಡುಗನಿಗೆ ಹೇಳಿದೆ. ಪೋರ್ಟಲ್‌ಗೆ ಹೋಯಿತು. ಅಲ್ಲಿಗೆ ಮುಗಿಯಿತು.

ಮುಗಿಯಿತು ಅಂದರೆ, ಏಳನೆಯ ನಂಬರಿನವರ ಪಾಲಿಗೆ ಶುರುವಾಯಿತು. ಅವರು ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಮೆಷಿನ್ನು. ಜ್ವರ ಇಲ್ಲ, ಕೆಮ್ಮಿಲ್ಲ, ಟಾರ್ಗೆಟ್ ತುಂಬಲು ಆಶಾ ಅಕ್ಕ ಕರೆತಂದವರಲ್ಲಿ ಒಬ್ಬರು. ಒಂದೇ ಶೌಚಾಲಯದ ಮನೆಯಾದ್ದರಿಂದ ಹೋಮ್ ಐಸೊಲೇಷನ್ ಕೊಡಲಿಲ್ಲ. ಸಂಜೆ ಆಂಬುಲೆನ್ಸ್ ಬಂದು ಕೋವಿಡ್ ಕೇರ್ ಸೆಂಟರ್‌ಗೆ ಕರೆದೊಯ್ದಿತು. ಬೀದಿಗೆ ಅಡ್ಡ ಬೊಂಬು ಕಟ್ಟಿದರು, ಬಾಗಿಲಿಗೆ ಪೋಸ್ಟರ್ ಅಂಟಿಸಿದರು. ಸೀಲ್‌ಡೌನ್ 14 ದಿನ. ಹೆಂಡತಿ, ಇಬ್ಬರು ಮಕ್ಕಳು, ಪಕ್ಕದ ಮನೆಯವರು ಎಲ್ಲರೂ ಪ್ರೈಮರಿ ಕಾಂಟ್ಯಾಕ್ಟ್. ಅವರೆಲ್ಲರ ಆರ್‌ಟಿ-ಪಿಸಿಆರ್ ಸ್ವಾಬ್ ನಾನೇ ಜಿಲ್ಲಾ ಲ್ಯಾಬ್‌ಗೆ ಕಳಿಸಿದೆ. ಒಬ್ಬರಿಗೂ ಬರಲಿಲ್ಲ.

ರಿಪೋರ್ಟ್ ನೋಡಿದ ದಿನ ಮೆಡಿಕಲ್ ಆಫೀಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಅದೇ ಬೇಜಾರು. ‘ಪಾಸಿಟಿವ್‌ಗೆ ರಿಪೀಟ್ ಇಲ್ವಲ್ಲಪ್ಪ’ ಅಂದರು. ಹೌದು, ಗೈಡ್‌ಲೈನ್ ಇದ್ದದ್ದೇ ಹಾಗೆ. ಲಕ್ಷಣ ಇದ್ದು ಆ್ಯಂಟಿಜೆನ್ ನೆಗೆಟಿವ್ ಬಂದರೆ ನಂಬಬೇಡಿ, ಆರ್‌ಟಿ-ಪಿಸಿಆರ್ ಮಾಡಿ. ಪಾಸಿಟಿವ್ ಬಂದರೆ ಮಾತ್ರ ಅದೇ ಕೊನೆ. ಅದಕ್ಕೆ ಕಾರಣವೂ ಇತ್ತು. ಮೌಲ್ಯಮಾಪನದಲ್ಲಿ ಈ ಕಿಟ್‌ನ ಸೆನ್ಸಿಟಿವಿಟಿ ಶೇ 50.6ರಿಂದ 84, ಸ್ಪೆಸಿಫಿಸಿಟಿ ಶೇ 99.3ರಿಂದ 100. ಅಂದರೆ ಸೋಂಕಿದ್ದವರು ತಪ್ಪಿಸಿಕೊಳ್ಳಬಹುದು, ಸೋಂಕಿಲ್ಲದವರು ಸಿಕ್ಕಿಬೀಳುವುದು ತೀರಾ ಅಪರೂಪ. ಆದರೆ ಆ 99 ಬಂದದ್ದು ಹೊತ್ತಿಗೆ ಸರಿಯಾಗಿ ಓದಿದ ಕ್ಯಾಸೆಟ್‌ನಿಂದ, ಬೆಂಚಿನ ಮೇಲೆ ಮರೆತ ಕ್ಯಾಸೆಟ್‌ನಿಂದ ಅಲ್ಲ. ಪೋರ್ಟಲ್‌ನಲ್ಲಿ ತಿದ್ದುವ ಅಧಿಕಾರ ನಮ್ಮ ಲಾಗಿನ್‌ಗೆ ಇರಲಿಲ್ಲ. ಮೇಲಿನವರಿಗೆ ಬರೆಯೋಣ ಅಂದರು. ಬರೆದರೋ ಇಲ್ಲವೋ, ನಾನೂ ಕೇಳಲಿಲ್ಲ.

ಆ ಟೈಲರ್‌ಗೆ ನಿಜಕ್ಕೂ ಸೋಂಕು ಇತ್ತೇನೋ. ಇದ್ದರೂ ಇರಬಹುದು. ಅದನ್ನು ತಿಳಿಯುವ ದಾರಿಯನ್ನು ಒಂದು ಕಿಟ್ ಉಳಿಸಲು ಹೋಗಿ ನಾನೇ ಮುಚ್ಚಿದೆ.

ಮಾರನೇ ವಾರದಿಂದ ಫೋನ್ ಟೈಮರ್ ಬಿಟ್ಟೆ. ಶಾಲೆಯ ಗೋಡೆ ಗಡಿಯಾರ ಕೇಳಿ ಇಸಿದುಕೊಂಡು ಬೆಂಚಿನ ಎದುರಿಗೇ ಒರಗಿಸಿಟ್ಟೆ. ಕ್ಯಾಸೆಟ್ ಮೇಲೆ ನಂಬರ್ ಜೊತೆ ಹನಿ ಹಾಕಿದ ಹೊತ್ತು ಬರೆದೆ. ಒಂದು ಸಲಕ್ಕೆ ಐದೇ ಕ್ಯಾಸೆಟ್. ವೇಸ್ಟೇಜ್ ಕಾಲಮ್ಮಿನಲ್ಲಿ 2, 3, ಒಂದು ದಿನ 6 ಅಂತ ಬಿತ್ತು. ಮೀಟಿಂಗ್‌ನಲ್ಲಿ ಮತ್ತೆ ನಿಲ್ಲಿಸಿದರು. ನಿಂತೆ. ನೂರು ಆಗಬೇಕಾದ ಕಡೆ ಅರವತ್ತು ಆಯಿತು ಅಂತ ಇನ್ನೊಂದು ಸಲ ನಿಲ್ಲಿಸಿದರು. ಅದಕ್ಕೂ ನಿಂತೆ.

2021ರ ಎರಡನೇ ಅಲೆಯಲ್ಲಿ ಆ ಟೈಲರ್ ಮತ್ತೆ ಸಾಲಿನಲ್ಲಿ ಕಂಡರು. ಈ ಸಲ ಜ್ವರ ಇತ್ತು, ಮುಖ ಬಾಡಿತ್ತು. ನನ್ನ ಗುರುತು ಸಿಗಲಿಕ್ಕಿಲ್ಲ, ಪಿಪಿಇ ಒಳಗೆ ಯಾರಾದರೇನು ಅಂದುಕೊಂಡು ತಲೆ ತಗ್ಗಿಸಿ ಹನಿ ಹಾಕಿದೆ. ಒಂದು, ಎರಡು, ಮೂರು. ಮಾರ್ಕರ್ ಎತ್ತುವಷ್ಟರಲ್ಲಿ ಅವರೇ ಗಡಿಯಾರ ನೋಡಿ ಹೇಳಿದರು:

‘ಹನ್ನೊಂದೂ ಇಪ್ಪತ್ತು, ಸರ್. ಬರ್ಕೊಳ್ಳಿ. ಹೋದ ಸಲ ನಾನು ಅದೇ ಜಗಲಿ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆ.’