ತಾನಾಗಿ ಇಳಿಯುವ ಕಾಮಾಲೆಯೂ ನನಗೆ ಬಂದ ಹೆಸರೂ

ಶಿರಸಿಯಲ್ಲಿ ಆಯುರ್ವೇದ ಚಿಕಿತ್ಸಾಲಯ ನಡೆಸುತ್ತಿರುವ ನನ್ನ ಬಳಿಗೆ, ನೀಟ್ ಫಲಿತಾಂಶ ಬಂದ ಮೇಲೆ, ಪ್ರತಿವರ್ಷ ಕೆಲವು ಪಾಲಕರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಆಯುರ್ವೇದ ವೈದ್ಯ ಪದವಿಯಾದ ಬಿಎಎಂಎಸ್‌ಗೆ ಸೇರಿಸಿದರೆ ಮುಂದೆ ಜನ ನಂಬಿ ಬರುತ್ತಾರೆಯೇ ಎಂಬುದು ಅವರ ಪ್ರಶ್ನೆ. ನಾಲ್ಕೂವರೆ ವರ್ಷದ ಓದು, 1 ವರ್ಷದ ಇಂಟರ್ನ್‌ಶಿಪ್, ಕಡ್ಡಾಯ ನೋಂದಣಿ, 2020ರ ಕಾಯ್ದೆಯಡಿ ಭಾರತೀಯ ವೈದ್ಯ ಪದ್ಧತಿಗಳಿಗಾಗಿ ರಚನೆಯಾದ ರಾಷ್ಟ್ರೀಯ ಆಯೋಗದ ಮೇಲ್ವಿಚಾರಣೆ, ಇವೆಲ್ಲವೂ ಇವೆ ಎಂದು ಹೇಳುತ್ತೇನೆ. ವೃತ್ತಿ ಮಾಡುವ ಹಕ್ಕು ಅಷ್ಟರಿಂದ ಸಿಗುತ್ತದೆ. ನಂಬಿಕೆಯ ವಿಷಯಕ್ಕೆ ಬಂದಾಗ, ನಾನೇ ತಪ್ಪಿದ ಒಂದು ಪ್ರಕರಣವನ್ನು ಅವರ ಮುಂದಿಡುತ್ತೇನೆ.

ನಮ್ಮ ಸೀಮೆಯಲ್ಲಿ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ನೆಲನೆಲ್ಲಿ. ಅದನ್ನು ಅರೆದು ಕುಡಿಸಿ, ಎಣ್ಣೆ ಖಾರ ಬಿಡಿಸಿ, ಪಥ್ಯ ಮಾಡಿಸುವ ನಾಟಿ ವೈದ್ಯರು ಘಟ್ಟದ ಮೇಲೂ ಕರಾವಳಿಯಲ್ಲೂ ಇದ್ದಾರೆ. ವೃತ್ತಿಯ ಮೊದಲ ವರ್ಷಗಳಲ್ಲಿ ನನಗೂ ಕಾಮಾಲೆಯಿಂದಲೇ ಹೆಸರು ಬಂತು. ಕೆಟ್ಟ ನೀರಿನಿಂದ ಹರಡುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಗುಣವಾದವರು ನನ್ನ ಕಷಾಯವನ್ನು ಹೊಗಳಿದಾಗ ಒಮ್ಮೆಯೂ ತಿದ್ದಿ ಹೇಳಲಿಲ್ಲ.

ಅರವತ್ತು ದಾಟಿದ ಅಡಿಕೆ ಬೆಳೆಗಾರರೊಬ್ಬರು ಆ ಹೆಸರನ್ನು ಕೇಳಿಯೇ ಸಿದ್ದಾಪುರದ ಕಡೆಯಿಂದ ಬಂದರು. ಕಣ್ಣು ಹಳದಿಯಾಗಿತ್ತು, ಮೈಯೆಲ್ಲ ತುರಿಕೆ ಇತ್ತು. ರಕ್ತ ಪರೀಕ್ಷೆಯಲ್ಲಿ ಬಿಲಿರುಬಿನ್, ಅಂದರೆ ಮೈಯನ್ನು ಹಳದಿ ಮಾಡುವ ಪಿತ್ತದ ಬಣ್ಣ, ಏರಿದ್ದನ್ನು ನೋಡಿ ಎಂದಿನ ಔಷಧವನ್ನೇ ಕೊಟ್ಟೆ. 3 ವಾರ ಕಳೆದರೂ ಹಳದಿ ಇಳಿಯದಿದ್ದಾಗ, ಇನ್ನೂ ಸ್ವಲ್ಪ ದಿನ ನೋಡೋಣ ಎಂದೆ. ಅದಾಗಿ ನಾಲ್ಕನೆಯ ರಾತ್ರಿ ಅವರಿಗೆ ನಡುಕದ ಜ್ವರ ಬಂತು. "ಡಾಕ್ಟ್ರೇ, ಅಪ್ಪ ಸರಿಯಾಗಿ ಮಾತಾಡ್ತಾ ಇಲ್ಲ" ಎಂದು ಮಗ ಫೋನ್ ಮಾಡಿದಾಗ, ಹುಬ್ಬಳ್ಳಿಗೆ ಕರೆದೊಯ್ಯಿರಿ ಎನ್ನುವುದಷ್ಟೇ ನನ್ನಿಂದಾದದ್ದು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು, ಅದರ ಹಿಂದೆ ಕಟ್ಟಿ ನಿಂತ ಪಿತ್ತಕ್ಕೆ ಸೋಂಕು ತಗುಲಿತ್ತು. ಎಂಡೊಸ್ಕೋಪಿ ಮೂಲಕ ಕಲ್ಲು ತೆಗೆದರು, ಅವರು ಬದುಕಿದರು.

ಈ ತಪ್ಪಿಗೆ ಆಯುರ್ವೇದವನ್ನು ದೂರುವಂತೆಯೂ ಇರಲಿಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ಪಾಂಡುರೋಗದ ಅಧ್ಯಾಯದಲ್ಲಿ, ಅರೆದ ಎಳ್ಳಿನಂತೆ ಬಿಳಿಚಿದ ಮಲ ಹೋಗುವ ಕಾಮಾಲೆಯಲ್ಲಿ ಪಿತ್ತದ ದಾರಿ ಕಟ್ಟಿಕೊಂಡಿರುತ್ತದೆಂದು ಬೇರೆಯಾಗಿಯೇ ಹೇಳಿದೆ. ಆ ಶ್ಲೋಕವನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದವನು ನಾನು. ಎದುರಿಗೆ ಕುಳಿತ ರೋಗಿಯನ್ನು ಮಾತ್ರ ಮಲದ ಬಣ್ಣ ಯಾವುದೆಂದು ಕೇಳಲಿಲ್ಲ. ಅದು ಹದಿನೈದು ದಿನಗಳಿಂದ ಸುಣ್ಣದಂತಿತ್ತೆಂದು ಅವರ ಹೆಂಡತಿ ಆಮೇಲೆ ಹೇಳಿದರು.

ಅಂದಿನಿಂದ ಕಾಮಾಲೆಯೆಂದು ಬಂದವರಿಗೆ ಮಲಮೂತ್ರದ ಬಣ್ಣ, ತುರಿಕೆ, ತೂಕ ಇಳಿದದ್ದು ಇವನ್ನು ಕೇಳದೆ ಔಷಧ ಬರೆಯುವುದಿಲ್ಲ. ನಾಳ ಕಟ್ಟಿರುವ ಸಂಶಯ ಬಂದರೆ ಅದೇ ದಿನ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುತ್ತೇನೆ. ಎಷ್ಟು ದಿನದೊಳಗೆ ಇಳಿಯದಿದ್ದರೆ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಮೊದಲ ಚೀಟಿಯಲ್ಲೇ ಬರೆದುಕೊಡುತ್ತೇನೆ. ಸುಸಜ್ಜಿತ ಆಸ್ಪತ್ರೆಗಾಗಿ ಜನ ವರ್ಷಗಳಿಂದ ಕೂಗುತ್ತಿರುವ ಈ ಜಿಲ್ಲೆಯಲ್ಲಿ ನಾವು ಕಳೆಯುವ ಒಂದೊಂದು ದಿನವೂ ರೋಗಿಯ ಲೆಕ್ಕದಿಂದಲೇ ಹೋಗುತ್ತದೆ. ಮರಳಿ ಬಾರದವರಿಗೆ ಫೋನ್ ಮಾಡಿ, ಏನಾಯಿತೆಂದು ಕೇಳಿ ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಹಾಗೆ ಕೇಳತೊಡಗುವವರೆಗೆ, ಬಾರದವರೆಲ್ಲ ಗುಣವಾದವರೆಂದೇ ನಾನು ಎಣಿಸಿದ್ದೆ.

ಹೋದ ವರ್ಷ ತಂದೆಯೊಡನೆ ಬಂದಿದ್ದ ಹುಡುಗಿಯೊಬ್ಬಳು ಇದನ್ನೆಲ್ಲ ಕೇಳಿ, ಗುಣವಾದವರಲ್ಲಿ ಎಷ್ಟು ಮಂದಿ ನಿಮ್ಮ ಔಷಧದಿಂದಲೇ ಗುಣವಾದರು ಎಂದು ಕೇಳಿದಳು. ರಿಜಿಸ್ಟರ್ ತೆರೆದು ತೋರಿಸಿದೆ. ಔಷಧ ತೆಗೆದುಕೊಳ್ಳದೆಯೇ ಗುಣವಾದವರ ಲೆಕ್ಕ ಇದರಲ್ಲಿಲ್ಲ, ಆದ್ದರಿಂದ ನಿನ್ನ ಪ್ರಶ್ನೆಗೆ ಇದರಿಂದ ಉತ್ತರ ಸಿಗುವುದಿಲ್ಲ ಎಂದೆ. ಅವಳು ಈಗ ಬಿಎಎಂಎಸ್ ಓದುತ್ತಿದ್ದಾಳೆ. ರಜೆಗೆ ಬಂದಾಗ ಮರಳಿ ಬಾರದವರಿಗೆ ಫೋನ್ ಮಾಡುವ ಕೆಲಸವನ್ನು ತಾನೇ ಕೇಳಿ ವಹಿಸಿಕೊಂಡಿದ್ದಾಳೆ.