ಎಂಜಿನ್ ಆಫ್ ಆದ ಮೇಲೂ ಮಂಗಳಯಾನ ಓಡಿದ್ದು ಹೇಗೆ?

ಮಂಗಳಯಾನದ ಬಗ್ಗೆ ಮಾತಾಡಲು ಶಾಲೆಗಳಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಮಕ್ಕಳಷ್ಟೇ ಅಲ್ಲ, ಮೇಷ್ಟ್ರುಗಳೂ ಕೇಳುತ್ತಾರೆ. "ಸರ್, ಭೂಮಿ ಬಿಟ್ಟ ಮೇಲೆ ಹತ್ತು ತಿಂಗಳ ಹತ್ತಿರ ದೊಡ್ಡ ಎಂಜಿನ್ ಆಫ್ ಇತ್ತು ಅಂತೀರಿ. ಹಾಗಾದ್ರೆ ಅದನ್ನ ತಳ್ಳುತ್ತಿದ್ದುದು ಏನು?"

ಏನೂ ತಳ್ಳುತ್ತಿರಲಿಲ್ಲ. ತಳ್ಳುವ ಅಗತ್ಯವೇ ಇರಲಿಲ್ಲ.

ಈ ಉತ್ತರವನ್ನು ಮನಸ್ಸು ಬೇಗ ಒಪ್ಪುವುದಿಲ್ಲ. ಹುಟ್ಟಿದಾಗಿನಿಂದ ನಾವು ಕಂಡದ್ದು ಬೇರೆಯೇ ಅಲ್ವಾ? ತಳ್ಳುವುದು ಬಿಟ್ಟರೆ ಗಾಡಿ ನಿಲ್ಲುತ್ತದೆ. ಅರಿಸ್ಟಾಟಲ್‌ನಂಥವನೂ ಹಾಗೇ ನಂಬಿದ್ದ. ಅದು ದಡ್ಡತನವಲ್ಲ, ಭೂಮಿಯ ಮೇಲೆ ಕಣ್ಣಿಗೆ ಕಾಣುವುದೇ ಹಾಗೆ.

ಬೈಕನ್ನೇ ತಗೊಳ್ಳಿ. ಸಮತಟ್ಟು ರಸ್ತೆಯಲ್ಲಿ ಹೋಗುತ್ತಿದ್ದೀರಿ, ಮೀಟರಿನ ಮುಳ್ಳು 50ರಲ್ಲಿ ನಿಂತಿದೆ. ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿದರೆ ವೇಗ ಇಳಿಯುತ್ತಾ ಬಂದು ಬೈಕ್ ನಿಲ್ಲುತ್ತದೆ. ತಳ್ಳುವ ಬಲ ಹೋದದ್ದಕ್ಕೆ ನಿಂತಿತು ಅನ್ನಿಸುತ್ತದೆ. ಆದರೆ ಅದನ್ನು ನಿಲ್ಲಿಸಿದ್ದು ಎದುರುಗಾಳಿ, ರಸ್ತೆಗೆ ಅಮುಕಿಕೊಂಡು ಉರುಳುವ ಟಯರು, ಚೈನು, ಬೇರಿಂಗುಗಳ ತಿಕ್ಕಾಟ. 50ರಲ್ಲಿ ಓಡುವಾಗಲೂ ಇವು ಹಿಂದಕ್ಕೆ ಎಳೆಯುತ್ತಲೇ ಇದ್ದವು. ಎಂಜಿನ್ ಸರಿಯಾಗಿ ಅಷ್ಟೇ ಬಲದಿಂದ ಮುಂದಕ್ಕೆ ನೂಕುತ್ತಿತ್ತು. ಎರಡೂ ಸೇರಿ ಲೆಕ್ಕ ಸೊನ್ನೆ. ಅದಕ್ಕೇ ಮುಳ್ಳು ಅಲ್ಲಾಡಲಿಲ್ಲ. ಸೊನ್ನೆ ಬಲದಲ್ಲಿ ಬೈಕ್ 50ರಲ್ಲೇ ಓಡುತ್ತಿತ್ತು! ಇದನ್ನು ಹೇಳಿದಾಗ ತರಗತಿ ಒಂದು ಕ್ಷಣ ಗಪ್‌ಚುಪ್ ಆಗುತ್ತದೆ. ನನಗೆ ಬಹಳ ಇಷ್ಟವಾದ ಕ್ಷಣ ಅದು.

ಈ ಎಳೆತವನ್ನು ಮನಸ್ಸಿನಲ್ಲೇ ತೆಗೆದುಹಾಕಿ ನೋಡಿದವನು ಗೆಲಿಲಿಯೋ. ನ್ಯೂಟನ್ 1687ರಲ್ಲಿ ಅದನ್ನೇ ತನ್ನ ಮೊದಲ ನಿಯಮ ಮಾಡಿದ. ವೇಗ ಅಥವಾ ದಿಕ್ಕು ಬದಲಾಗಬೇಕಿದ್ದರೆ ಮಾತ್ರ ಬಲ ಬೇಕು.

ಈಗ ಮಂಗಳಯಾನಕ್ಕೆ ಬನ್ನಿ. 2013ರ ಡಿಸೆಂಬರ್ 1ರ ನಡುರಾತ್ರಿ ಕಳೆದ ಮೇಲೆ ಅದರ ದೊಡ್ಡ ಎಂಜಿನ್ ಸುಮಾರು 22 ನಿಮಿಷ ಉರಿಯಿತು. ಅದರ ಬಲ ಬರೀ 440 ನ್ಯೂಟನ್, ಅಂದರೆ ಭೂಮಿಯ ಮೇಲೆ 45 ಕೆಜಿ ಎತ್ತಿ ಹಿಡಿಯುವಷ್ಟು. ಒಂದೊಂದು ಸೆಕೆಂಡಿಗೂ ನೌಕೆಯ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಜಾಸ್ತಿ ಆಗುತ್ತಿತ್ತು. ಕೊನೆಗೆ ಸೇರಿದ್ದು ಸೆಕೆಂಡಿಗೆ ಸುಮಾರು 648 ಮೀಟರ್. ಮೊದಲೇ ಭೂಮಿಯನ್ನು ವೇಗವಾಗಿ ಸುತ್ತುತ್ತಿದ್ದ ನೌಕೆಗೆ ಭೂಮಿಯ ಹಿಡಿತ ತಪ್ಪಿಸಿಕೊಳ್ಳಲು ಅಷ್ಟು ಸಾಕಾಯಿತು. ಎಂಜಿನ್ ಆಫ್. ಅಲ್ಲಿ ಎದುರುಗಾಳಿಯೂ ಇಲ್ಲ, ರಸ್ತೆಯೂ ಇಲ್ಲ.

ಹಾಗಂತ ನೇರ ಗೆರೆ ಎಳೆದ ಹಾಗೆ ಹೋಯಿತು ಅಂದುಕೊಳ್ಳಬೇಡಿ. ಸೂರ್ಯ ಸೆಳೆಯುತ್ತಲೇ ಇದ್ದ. ಆ ಸೆಳೆತದಿಂದ ದಾರಿ ಬಾಗಿತು, ಸೂರ್ಯನಿಂದ ದೂರ ಹೋದಂತೆ ವೇಗವೂ ಕಮ್ಮಿಯಾಯಿತು. ಆ ಬಾಗಿದ ದಾರಿಯನ್ನು ಇಸ್ರೋದವರು ಮೊದಲೇ ಲೆಕ್ಕ ಹಾಕಿದ್ದರು. ನಡುವೆ ದಾರಿ ತಿದ್ದಲು ಥ್ರಸ್ಟರ್ ಎಂಬ ಚಿಕ್ಕ ಎಂಜಿನ್‌ಗಳನ್ನು ಉರಿಸಿದ್ದೂ ಉಂಟು, ಅದೂ ಒಂದು ಸಲಕ್ಕೆ ಒಂದು ನಿಮಿಷವೂ ಆಗದಷ್ಟು ಹೊತ್ತು.

ಆಗ ಯಾರಾದರೂ ಎದ್ದು ಕೇಳುತ್ತಾರೆ: "ತಳ್ಳೋದೇ ಬೇಡ ಅಂದ್ರೆ ಅಷ್ಟೊಂದು ಇಂಧನ ಯಾಕೆ ಸರ್?" ಒಳ್ಳೆಯ ಪ್ರಶ್ನೆ. 1,337 ಕೆಜಿ ನೌಕೆಯಲ್ಲಿ 852 ಕೆಜಿ ಇಂಧನವೇ ಇತ್ತು. ಹೊರಡುವಾಗ ವೇಗ ಏರಿಸಬೇಕು, ಮಂಗಳದ ಹತ್ತಿರ ವೇಗ ಇಳಿಸಬೇಕು. ಎರಡೂ ಬದಲಾವಣೆಯೇ, ಎರಡಕ್ಕೂ ಬಲ ಬೇಕು. ಇಳಿಸದಿದ್ದರೆ ನೌಕೆ ಮಂಗಳದ ಪಕ್ಕದಲ್ಲೇ ಹಾದು ಮುಂದೆ ಹೋಗಿಬಿಡುತ್ತಿತ್ತು. ಇಷ್ಟು ದಿನ ಸುಮ್ನೆ ಇದ್ದ ಎಂಜಿನ್ ಹೊತ್ತಿಕೊಳ್ಳುತ್ತದೋ ಇಲ್ಲವೋ ಎಂದು 2014ರ ಸೆಪ್ಟೆಂಬರ್ 22ರಂದು ನಾಲ್ಕು ಸೆಕೆಂಡು ಉರಿಸಿ ನೋಡಿದರು. ಹೊತ್ತಿಕೊಂಡಿತು. 24ರ ಬೆಳಿಗ್ಗೆ ಅದೇ ಎಂಜಿನ್ ನೌಕೆಯ ಓಟಕ್ಕೆ ಎದುರಾಗಿ 23 ನಿಮಿಷ ಉರಿದು, ಸೆಕೆಂಡಿಗೆ ಸುಮಾರು 1,099 ಮೀಟರಿನಷ್ಟು ವೇಗ ತಗ್ಗಿಸಿತು. ಅಲ್ಲಿಂದ ಮುಂದೆ ನೌಕೆಯನ್ನು ಹಿಡಿದಿಟ್ಟುಕೊಂಡಿದ್ದು ಮಂಗಳದ ಸೆಳೆತ.